ತಿರುಗಿ ನಿಂತು ತೆಗೆದ ಫೋಟೋಗಳು

ಚಿದಂಬರನಿಗೆ ಒಂದು ಅಭ್ಯಾಸವಿತ್ತು. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಏನೇ ಬರಲಿ, ಮೊದಲು ಉತ್ತರ ಹಾಕುವವನು ಅವನೇ. ದೆಹಲಿಯ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವನಿಗೆ ಫೈಲು ಮೇಜಿನ ಮೇಲೆ ಕೊಳೆಯಬಾರದೆಂಬ ಶಿಸ್ತು. ಆ ಶಿಸ್ತನ್ನು ಫರೀದಾಬಾದಿನ ಮನೆಗೂ ಹೊತ್ತು ತಂದಿದ್ದ. ನೀರಿನ ಟ್ಯಾಂಕರ್ ಬರಲಿಲ್ಲವೆಂದು ಯಾರಾದರೂ ಬರೆದರೆ 'ತಕ್ಷಣ ಗಮನಿಸಬೇಕು' ಎನ್ನುತ್ತಿದ್ದ. ಯಾರದೋ ಮಾವ ತೀರಿಕೊಂಡರೆ, ಉಳಿದವರು ಕೈಮುಗಿದ ಚಿತ್ರ ಹುಡುಕುವಷ್ಟರಲ್ಲಿ ಇವನ 'ಓಂ ಶಾಂತಿ' ಅಲ್ಲಿರುತ್ತಿತ್ತು. ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಆ ನವೆಂಬರಿನ ಬೆಳಗಿನವರೆಗೆ.

ಅವತ್ತು ಬಂದದ್ದು ಒಂದು ವಿಡಿಯೋ. ರೈಲು ಹಳಿ ದಾಟುವ ಕಾಲ್ಸೇತುವೆಯ ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿದ್ದು. ಹೊಗೆಮಂಜಿನಲ್ಲಿ, ತಲೆಯಿಂದ ಮೊಣಕಾಲಿನವರೆಗೆ ಶಾಲು ಹೊದ್ದು ಬಾಯಿಗೆ ಮಾಸ್ಕ್ ಹಾಕಿಕೊಂಡ ಯಾರೋ ಸೇತುವೆಯ ಮೆಟ್ಟಿಲು ಇಳಿಯುತ್ತಾರೆ. ಸ್ವಲ್ಪ ದೂರ ನಡೆದು ಥಟ್ಟನೆ ನಿಲ್ಲುತ್ತಾರೆ. ಹಿಂದಕ್ಕೆ ತಿರುಗಿ, ಶಾಲಿನೊಳಗಿನಿಂದ ಫೋನು ತೆಗೆದು, ಸೇತುವೆಯ ಫೋಟೋ ಹೊಡೆದು, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಾರೆ. ಕೆಳಗೆ ಸೊಸೈಟಿಯ ಸೆಕ್ರೆಟರಿ ಖುರಾನಾ ಬರೆದಿದ್ದರು: 'ಈ ವ್ಯಕ್ತಿ ಹೀಗೆ ಮಾಡುವುದನ್ನು ಅಂಗಡಿಯವನು ಹಿಂದೆಯೂ ನೋಡಿದ್ದಾನೆ. ಹೆಂಗಸಿನ ವೇಷದ ಗಂಡಸು ಇರಬಹುದು. ಎಲ್ಲರೂ ಎಚ್ಚರ.'

ಟೀವಿಯಲ್ಲೂ ಆಗ ಅದೇ ಸುದ್ದಿ. ಎಲ್ಲೋ ಯಾರೋ ಸೇತುವೆಗಳ, ರಸ್ತೆಗಳ ಫೋಟೋ ತೆಗೆದು ಹೊರದೇಶಕ್ಕೆ ಕಳಿಸಿ ಸಿಕ್ಕಿಬಿದ್ದರಂತೆ. ಚಿದಂಬರ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಉತ್ತರ ಹಾಕಿದ: 'ಅತ್ಯಂತ ಗಂಭೀರ ವಿಷಯ. ಪೊಲೀಸರಿಗೆ ತಿಳಿಸಿ. ಸಿಕ್ಕರೆ ಬಿಡಬಾರದು.' ಆಮೇಲೆ ಫೋನನ್ನು ಹೆಂಡತಿಯ ಮುಂದೆ ಹಿಡಿದ. "ನೋಡೇ, ಏನೇನು ಜನ ಇದ್ದಾರೆ ಪ್ರಪಂಚದಲ್ಲಿ."

ಧಾರಿಣಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ಒಂದು ಸಲ ನೋಡಿದಳು. ಫೋನು ಕಿತ್ತುಕೊಂಡು ಇನ್ನೊಂದು ಸಲ ನೋಡಿದಳು.

"ರೀ, ಈ ಶಾಲು ನೋಡಿ."

"ಶಾಲಿಗೇನಾಯ್ತು?"

"ಅಂಚು ನೋಡಿ. ಲಾಜ್‌ಪತ್ ನಗರದಲ್ಲಿ ನಾನೇ ಚೌಕಾಸಿ ಮಾಡಿ ತಂದಿದ್ದು." ಅವಳ ದನಿ ಪಿಸುಮಾತಿಗೆ ಇಳಿಯಿತು. "ಇದು ಅತ್ತೆ."

ಅಡುಗೆಮನೆಯಲ್ಲಿ ದೇವಕಿ ರಾಗಿ ರೊಟ್ಟಿ ತಟ್ಟುತ್ತಿದ್ದರು. ಟಪಟಪ ಸದ್ದು ಹೊರಗೆ ಕೇಳುತ್ತಿತ್ತು. ಚಿದಂಬರ ತಾನು ಬರೆದದ್ದನ್ನು ಅಳಿಸಲು ಹೋದ. ಅಷ್ಟರಲ್ಲಿ ಅದಕ್ಕೆ ಹೆಬ್ಬೆರಳುಗಳ ಸಾಲೇ ಬಿದ್ದಿತ್ತು. ಅಳಿಸಿದರೆ 'ಈ ಸಂದೇಶ ಅಳಿಸಲಾಗಿದೆ' ಎಂದು ತೋರಿಸುತ್ತದೆ, ಅದು ಇನ್ನೂ ಕೆಟ್ಟದ್ದು. ಹಾಗೇ ಬಿಟ್ಟ.

ಅವನ ಹೆದರಿಕೆಗೆ ಕಾರಣವಿಲ್ಲದೆ ಇರಲಿಲ್ಲ. ದಸರೆಯ ಹೊತ್ತಿಗೆ ಯಾವುದೋ ಟೆಲಿಫೋನ್ ಟವರಿನ ಕೆಲಸಕ್ಕೆ ಬಂದವನೊಬ್ಬ ಅಂಡರ್‌ಪಾಸಿನ ಹತ್ತಿರ ಅಳತೆ ತೆಗೆಯುತ್ತಿದ್ದಾಗ ಜನ ಸೇರಿ ಹೊಡೆದಿದ್ದರು. ಅವನು ಐಡಿ ಕಾರ್ಡು ತೋರಿಸುತ್ತಲೇ ಇದ್ದ, ಇವರು ಹೊಡೆಯುತ್ತಲೇ ಇದ್ದರು. ಆ ವಿಡಿಯೋವನ್ನು ಚಿದಂಬರ ನೋಡಿದ್ದ. ಅದಕ್ಕೂ ಏನೋ ಉತ್ತರ ಹಾಕಿದ್ದ, ಏನೆಂದು ಈಗ ನೆನಪಿರಲಿಲ್ಲ.

ಸಂಜೆ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಕೇಳಿದ. "ಅಮ್ಮ, ನಿನ್ನ ಫೋನ್ ಕೊಡು."

"ಯಾಕೋ? ಚಾರ್ಜ್ ಇದೆ."

"ಕೊಡು ಅಂದ್ನಲ್ಲ."

ದೇವಕಿ ಸೊಂಟದಿಂದ ಫೋನು ತೆಗೆದುಕೊಟ್ಟರು. ಚಿದಂಬರ ಫೋಟೋಗಳನ್ನು ತೆರೆದ. ಬೀದಿ. ಬೀದಿ. ಬಿಳಿ ಬಣ್ಣದ ಗೇಟು. ಕರೆಂಟಿನ ಕಂಬ, ಅದರ ಬುಡದಲ್ಲಿ ಮಲಗಿದ ಕಂದು ನಾಯಿ. ಸೇತುವೆಯ ಮೆಟ್ಟಿಲು, ಸೇತುವೆಯ ಕಂಬ, ಸೇತುವೆಯ ಮೇಲಿನಿಂದ ಕಂಡ ಹಳಿಗಳು, ಕಂಬಿಯ ಮೇಲೆ ಬರೆದ ನಂಬರು. ಬೆರಳು ಎಳೆದಷ್ಟೂ ಬೀದಿ, ಸೇತುವೆ, ಬೀದಿ. ಒಂದರಲ್ಲೂ ಮನುಷ್ಯರ ಮುಖವಿಲ್ಲ. ಸಿನಿಮಾದವರು ತೋರಿಸುವ ಗೂಢಚಾರನ ಫೋನು ಕೂಡ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

"ಏನಮ್ಮ ಇದೆಲ್ಲ?"

"ದಾರಿ," ಎಂದರು ದೇವಕಿ.

ದಾರಿಯ ಕಥೆ ಶುರುವಾದದ್ದು ಆಗಸ್ಟಿನಲ್ಲಿ. ಗಂಡ ತೀರಿಕೊಂಡ ಮೇಲೆ ತುರುವೇಕೆರೆಯಿಂದ ಮಗನ ಮನೆಗೆ ಬಂದ ದೇವಕಿ ಒಂದು ಮೂಟೆ ರಾಗಿಯನ್ನೂ ರೈಲಿನಲ್ಲಿ ತಂದಿದ್ದರು. ಸೊಸೈಟಿಯ ಪಕ್ಕದ ಹಿಟ್ಟಿನ ಚಕ್ಕಿಯವನು ರಾಗಿ ಮುಟ್ಟಲಿಲ್ಲ. ಅದನ್ನು ಹಾಕಿದರೆ ಮುಂದಿನವರ ಗೋಧಿ ಹಿಟ್ಟೆಲ್ಲ ಕಪ್ಪಾಗುತ್ತದಂತೆ. ಹಳಿಯ ಆಚೆ ಬದಿಯ ರಾಮಮೇಹರ್ ಎಂಬ ಗಿರಣಿಯವನು ಒಪ್ಪಿದ, ಮಂಗಳವಾರ ಮಾತ್ರ. ಅವತ್ತು ಅವನು ಗಿರಣಿ ಬಿಚ್ಚಿ ಸ್ವಚ್ಛ ಮಾಡುವ ದಿನ. ಅದಕ್ಕೂ ಮುಂಚೆ ಕೊನೆಯದಾಗಿ ರಾಗಿ ಹಾಕಿಕೊಡುತ್ತಿದ್ದ. ಮೊದಲ ಮಂಗಳವಾರವೇ ದೇವಕಿ ದಾರಿ ತಪ್ಪಿದರು. ಸೆಕ್ಟರಿನ ಬೀದಿಗಳೆಲ್ಲ ಒಂದೇ ಥರ, ಗೇಟುಗಳೆಲ್ಲ ಒಂದೇ ಬಣ್ಣ, ಬೋರ್ಡುಗಳೆಲ್ಲ ಹಿಂದಿಯಲ್ಲಿ. ಅಕ್ಷರ ಬಲ್ಲ ಹೆಂಗಸು ಇಲ್ಲಿ ನಿರಕ್ಷರಿಯಾಗಿ ಯಾರದೋ ಗೇಟಿನ ಮುಂದೆ ಕೂತು ಅತ್ತಿದ್ದರು.

ಕಾಲೇಜಿನ ಎರಡನೇ ವರ್ಷದಲ್ಲಿದ್ದ ಮೊಮ್ಮಗಳು ಸಂಯುಕ್ತಾ ಆಗ ಉಪಾಯ ಹೇಳಿಕೊಟ್ಟಳು. "ಅಜ್ಜಿ, ತಿರುವು ಬಂದಲ್ಲೆಲ್ಲ ಒಂದು ಫೋಟೋ ತಗೋ. ವಾಪಸ್ ಬರೋವಾಗ ಅದನ್ನೇ ದೇಖ್ತೇ ದೇಖ್ತೇ ಬಾ." ದೇವಕಿ ಅದಕ್ಕೆ ತಮ್ಮದೊಂದು ಸೇರಿಸಿದರು. ಚಿಕ್ಕಂದಿನಲ್ಲಿ ಸೌದೆಗೆ ಗುಡ್ಡಕ್ಕೆ ಹೋಗುವಾಗ ಅವರಮ್ಮ ಪ್ರತಿ ಕವಲಿನಲ್ಲೂ ನಿಲ್ಲಿಸಿ, ಹಿಂದೆ ತಿರುಗಿ ನೋಡಿಸುತ್ತಿದ್ದರಂತೆ. ಬರುವಾಗ ಕಣ್ಣಿಗೆ ಬೀಳುವುದು ಆ ಮಗ್ಗುಲಲ್ಲವೇ? ಹಾಗಾಗಿ ದೇವಕಿ ಹೋಗುವಾಗಲೇ ತಿರುಗಿ ನಿಂತು ಮನೆಯ ಕಡೆಯ ಫೋಟೋ ತೆಗೆಯುತ್ತಿದ್ದರು. ಫೋನಿನಲ್ಲಿ ಕೊನೆಯ ಫೋಟೋ ಮೊದಲು ಬರುವುದರಿಂದ ವಾಪಸು ದಾರಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಮಂಜು ಬಿದ್ದ ದಿನ ಒಂಥರಾ ಕಾಣುತ್ತದೆ, ಬಿಸಿಲಿನ ದಿನ ಇನ್ನೊಂಥರಾ ಎಂದು ಪ್ರತಿ ಸಲವೂ ಹೊಸದಾಗಿ ತೆಗೆಯುತ್ತಿದ್ದರು. ಆ ಫೋಟೋಗಳಲ್ಲಿ ಇದ್ದದ್ದೆಲ್ಲ ಮನೆಗೆ ಬರುವ ದಾರಿ ಮಾತ್ರ.

"ಪಪ್ಪಾ, ಇದು ಅಜ್ಜಿಯ ಮ್ಯಾಪ್ ಅಷ್ಟೇ," ಎಂದಳು ಸಂಯುಕ್ತಾ. "ಗ್ರೂಪಲ್ಲಿ ಲಿಖ್ ದೋ ನಾ, ಮೇರಿ ಮಾ ಹೈ ಅಂತ. ಬಾತ್ ಖತಮ್."

"ಬರೆದು? ಸಿಕ್ಕರೆ ಬಿಡಬಾರದು ಅಂತ ಬೆಳಗ್ಗೆ ನಾನೇ ಬರೆದಿದ್ದೀನಿ. ಈಗ ಅವಳು ನಮ್ಮಮ್ಮ ಅನ್ನಲಾ?"

"ಹಾಂ. ಸಾರಿ ಅಂತ ಬರೀರಿ."

"ನಿನಗೆ ಎಲ್ಲಾ ಸಲೀಸು. ಯಾವನೋ ಒಬ್ಬ ಅದನ್ನ ಆಫೀಸಿಗೆ ಕಳಿಸಿದ್ರೆ? ಪ್ರಮೋಷನ್ ಫೈಲು ವಿಜಿಲೆನ್ಸ್‌ನವರ ಒಪ್ಪಿಗೆಗೆ ಹೋಗಿದೆ. ತಾಯಿ ರೈಲ್ವೆ ಸೇತುವೆ ಫೋಟೋ ತೆಗೀತಾಳೆ ಅಂತ ಒಂದು ಸಾಲು ಬಿದ್ರೆ ಸಾಕು. ಪ್ರಮೋಷನ್ ಬಿಡು, ಕೆಲಸ ಇರುತ್ತಾ?"

"ಅಷ್ಟೆಲ್ಲ ಆಗಲ್ಲ ರೀ," ಎಂದಳು ಧಾರಿಣಿ. ಆದರೆ ಅವಳ ದನಿಯಲ್ಲೂ ಗಟ್ಟಿತನ ಇರಲಿಲ್ಲ. ಮನೆಯ ಸಾಲದ ಕಂತು ನಿಂತಿದ್ದೇ ಆ ಕೆಲಸದ ಮೇಲೆ.

ಚಿದಂಬರ ಸೋಫಾದ ತುದಿಯಲ್ಲಿ ಕೂತು ಅಷ್ಟೂ ಫೋಟೋ ಅಳಿಸಿದ. ಅಳಿಸಿದ್ದು ಹೋಗಿ ಕೂರುವ ಕಸದ ಡಬ್ಬಿಯೊಂದು ಫೋನಿನಲ್ಲಿ ಇರುತ್ತದಲ್ಲ, ಅದನ್ನೂ ಖಾಲಿ ಮಾಡಿದ. ದೇವಕಿ ನೋಡುತ್ತಾ ನಿಂತಿದ್ದರು. ತಪ್ಪೇನೆಂದು ಅವರಿಗೆ ಅರ್ಥವಾಗಿರಲಿಲ್ಲ.

"ಅಮ್ಮ, ಇಲ್ಲಿ ಕೇಳು. ಇನ್ಮೇಲೆ ಸೇತುವೆ ಹತ್ರ ಫೋನ್ ಹಿಡ್ಕೊಂಡು ಹೋಗಬೇಡ. ಹಿಡ್ಕೊಂಡವರನ್ನ ಹೊಡೀತಾರೆ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಬೇಡ. ಮನೆ ನಂಬರ್ ಹೇಳಬೇಡ. ನನ್ನ ತಾಯಿ ಅಂತಂತೂ ಹೇಳಲೇಬೇಡ. ನನ್ನ ಕೆಲಸ ಹೋಗುತ್ತೆ. ಗೊತ್ತಾಯ್ತಾ?"

"ಆಯ್ತಪ್ಪ," ಎಂದರು ದೇವಕಿ. ಅಡುಗೆಮನೆಯ ಕಡೆ ತಿರುಗಿ ಕೇಳಿದರು, "ರೊಟ್ಟಿಗೆ ಎಣ್ಣೆಗಾಯಿ ಮಾಡಿದೀನಿ. ಬಡಿಸ್ಲಾ?"

ಮರುದಿನವೇ ಶಾಲು ಟ್ರಂಕಿನ ತಳ ಸೇರಿತು. ವಾರ ಕಳೆಯುವಷ್ಟರಲ್ಲಿ ಖುರಾನಾ ಬಂದರು. ಅವರು ಸೊಸೈಟಿಯ ಮನೆಮನೆಗೂ ಹೋಗುತ್ತಿದ್ದರಂತೆ. ಹೊಸಬರು ಯಾರು, ಬಾಡಿಗೆಯವರು ಯಾರು, ನೆಂಟರು ಯಾರು. ಧಾರಿಣಿ ಚಹಾ ಕೊಟ್ಟಳು.

"ಭಾಭೀಜೀ, ಗಣೇಶ ಪೂಜೆಯಲ್ಲಿ ನಿಮ್ಮ ಅತ್ತೆಯವರನ್ನ ನೋಡಿದ ನೆನಪು. ಎಲ್ಲಿ, ಕಾಣಿಸ್ತಾ ಇಲ್ಲ?" ಎಂದು ಹಿಂದಿಯಲ್ಲಿ ಕೇಳಿದರು.

"ಊರಿಗೆ ಹೋದ್ರು," ಎಂದುಬಿಟ್ಟಳು ಧಾರಿಣಿ. "ಇಲ್ಲಿಯ ಹೊಗೆ ಅವರಿಗೆ ಆಗಲ್ಲ."

"ಅಚ್ಛಾ, ಅಚ್ಛಾ. ಒಳ್ಳೇದೇ ಆಯ್ತು."

ಗೋಡೆಯ ಆಚೆ, ರೂಮಿನ ಮಂಚದ ಮೇಲೆ ದೇವಕಿ ಕೆಮ್ಮು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅವರಿಗೆ ಹಿಂದಿ ಹೆಚ್ಚು ಬರದಿದ್ದರೂ ತಾವು ಊರಿಗೆ ಹೋಗಿರುವುದು ಅರ್ಥವಾಯಿತು.

ಅಂದಿನಿಂದ ಅವರು ಮನೆಯಲ್ಲಿದ್ದೂ ಊರಿಗೆ ಹೋದವರಾದರು. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗುವಂತಿಲ್ಲ. ಅವರ ಸೀರೆ ಬಾತ್‌ರೂಮಿನಲ್ಲಿ ಒಣಗತೊಡಗಿತು, ಅಂದರೆ ಒಣಗಲಿಲ್ಲ. ಬೆಲ್ಲು ಬಾರಿಸಿದರೆ ಎದ್ದು ರೂಮಿಗೆ ಹೋಗಬೇಕು. ಕೆಲಸದ ಸುನೀತಾಳನ್ನು ಧಾರಿಣಿ ಬಿಡಿಸಿಬಿಟ್ಟಳು, ಅವಳ ಬಾಯಿ ನಂಬುವಂತಿಲ್ಲವೆಂದು. ಪಾತ್ರೆ ದೇವಕಿಯ ಪಾಲಿಗೆ ಬಂತು, ನೆಲ ಒರೆಸುವುದು ಧಾರಿಣಿಯ ಪಾಲಿಗೆ.

"ಎಷ್ಟು ದಿನ ಹೀಗೆ?" ಎಂದು ಸಂಯುಕ್ತಾ ಒಂದು ದಿನ ಊಟದ ಹೊತ್ತಿಗೆ ಎದ್ದೇಬಿಟ್ಟಳು. "ಅಜ್ಜಿ ಏನ್ ಚೋರೀ ಮಾಡಿದಾಳಾ?"

"ಸ್ವಲ್ಪ ತಣ್ಣಗಾಗಲಿ," ಎಂದ ಚಿದಂಬರ.

"ಏನು ತಣ್ಣಗಾಗೋದು? ಗ್ರೂಪಲ್ಲಿ ದಿನಾ ಅದೇ ವಿಡಿಯೋ ಬರ್ತಿದೆ. ನೀವು ದಿನಾ ಥಂಬ್ಸ್ ಅಪ್ ಹಾಕ್ತಿದೀರಿ."

"ಹಾಕದಿದ್ರೆ ಯಾಕೆ ಹಾಕ್ಲಿಲ್ಲ ಅಂತಾರೆ."

"ನನ್ನಿಂದ ಜಗಳ ಬೇಡ ಪುಟ್ಟಿ," ಎಂದರು ದೇವಕಿ. "ಊಟ ಮಾಡು. ನಂಗೆ ಒಳಗೇ ಬೆಚ್ಚಗಿದೆ."

ಸುಳ್ಳು. ಅವರ ರೂಮಿಗೆ ಬಿಸಿಲೇ ಬರುತ್ತಿರಲಿಲ್ಲ.

ಡಿಸೆಂಬರ್ ಹೀಗೇ ಕಳೆಯಿತು. ಡಬ್ಬದ ರಾಗಿ ಹಿಟ್ಟು ಮುಗಿದು ಮನೆಯಲ್ಲಿ ಮೂರು ಹೊತ್ತೂ ಗೋಧಿಯಾಯಿತು. ಮೂಟೆಯಲ್ಲಿ ಕೊನೆಗೆ ಉಳಿದಿದ್ದ ರಾಗಿಯನ್ನು ದೇವಕಿ ಆ ವಿಡಿಯೋದ ಮಂಗಳವಾರ ಬೀಸಲು ಕೊಟ್ಟು ಬಂದಿದ್ದರು, ಅದು ಅಂದಿನಿಂದ ರಾಮಮೇಹರನ ಗಿರಣಿಯಲ್ಲೇ ಕೂತಿತ್ತು. ತರುವುದು ಯಾರು? ಚಿದಂಬರ ಭಾನುವಾರ ಎಂದ. ಭಾನುವಾರ ಬಂದರೆ ಮುಂದಿನ ಭಾನುವಾರ ಎಂದ. ಆ ಸೇತುವೆಯ ಹತ್ತಿರ ಹೋಗಲು ಅವನಿಗೇ ಕಾಲು ಬರುತ್ತಿರಲಿಲ್ಲ. ಧಾರಿಣಿಗೆ ಶಾಲೆಯ ಪೇಪರುಗಳ ರಾಶಿ. ಸಂಯುಕ್ತಾಗೆ ಪರೀಕ್ಷೆ.

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಚಿದಂಬರ ತಟ್ಟೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತ. "ಈ ಚಪಾತಿ ತಿಂದು ತಿಂದು ಹೊಟ್ಟೆಯೆಲ್ಲ ಉರಿ. ಬಿಸಿ ಮುದ್ದೆ, ಸೊಪ್ಪಿನ ಸಾರು ತಿಂದು ಎಷ್ಟು ದಿನ ಆಯ್ತೋ."

ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಸುಮ್ಮನೆ ಅಂದಿದ್ದ. ಅಂದವನು ಚಪಾತಿ ತಿಂದು ಎದ್ದು ಹೋದ. ದೇವಕಿ ಅವನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಚಪಾತಿಯನ್ನು ನೋಡುತ್ತಾ ಕೂತರು.

ಮರುದಿನ ಮಂಗಳವಾರ. ಮೂವರೂ ಹೊರಟ ಮೇಲೆ ದೇವಕಿ ತಯಾರಾದರು. ಮಗ ಹೇಳಿದ್ದ ಒಂದೊಂದು ಮಾತನ್ನೂ ಅವರು ಮರೆತಿರಲಿಲ್ಲ. ಫೋನ್ ಹಿಡಿದವರನ್ನು ಹೊಡೆಯುತ್ತಾರೆಂದು ಫೋನನ್ನು ದಿಂಬಿನ ಪಕ್ಕ ಇಟ್ಟರು. ಶಾಲನ್ನು ಜನ ಗುರುತು ಹಿಡಿಯುತ್ತಾರೆಂದು ಸೀರೆಯ ಮೇಲೆ ಮೊಮ್ಮಗಳ ಕರಿ ಜಾಕೆಟ್ಟು ತೊಟ್ಟು, ಅದರ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡರು. ಸೊಸೈಟಿಯ ಹಿಂದಿನ ಗೇಟಿನಿಂದ, ಕಸದ ಗಾಡಿ ಹೋಗುವ ದಾರಿಯಲ್ಲಿ ಹೊರಬಿದ್ದರು. ಕಳ್ಳರು ಹೇಗೆ ಹೋಗುತ್ತಾರೋ ಹಾಗೆಯೇ ಹೋದರೆಂದು ಹೇಳಬೇಕು, ಪಾಪ, ಕಳ್ಳರೆನಿಸಿಕೊಳ್ಳಬಾರದೆಂದು.

ಮಧ್ಯಾಹ್ನ ಸಂಯುಕ್ತಾ ಕಾಲೇಜಿನಿಂದ ಬಂದಾಗ ಬೀಗ ಹಾಕಿತ್ತು. ತನ್ನ ಕೀಲಿಯಿಂದ ತೆಗೆದು ಒಳಗೆ ಹೋದಳು. ಒಲೆಯ ಮೇಲೆ ಸೊಪ್ಪಿನ ಸಾರು ಮುಚ್ಚಿಟ್ಟಿತ್ತು. ಪಕ್ಕದಲ್ಲಿ ಮುದ್ದೆ ತಿರುವುವ ಕೋಲು ತೊಳೆದು ಇಟ್ಟಿತ್ತು. ಅಜ್ಜಿ ಇರಲಿಲ್ಲ. ಅಜ್ಜಿಯ ನಂಬರಿಗೆ ಫೋನ್ ಮಾಡಿದರೆ ದಿಂಬಿನ ಪಕ್ಕ ರಿಂಗಾಯಿತು.

ಅವಳು ಗಿರಣಿಗೆ ಓಡಿದಳು. "ಮಾತಾಜೀ ಹನ್ನೊಂದಕ್ಕೇ ಹಿಟ್ಟು ತಗೊಂಡು ಹೋದ್ರಲ್ಲ," ಎಂದ ರಾಮಮೇಹರ್. ಹೊರಗೆ ಮಂಜು ಹಾಗೇ ಕವಿದಿತ್ತು. ಬೀದಿಯ ಈ ತುದಿಯಿಂದ ಆ ತುದಿ ಕಾಣುತ್ತಿರಲಿಲ್ಲ.

ಧಾರಿಣಿ ಶಾಲೆಯಿಂದ ಬಂದಳು. ಇಬ್ಬರೂ ಬೀದಿ ಬೀದಿ ಹುಡುಕಿದರು.

"ಮಮ್ಮಿ, ಗ್ರೂಪಲ್ಲಿ ಹಾಕೋಣ. ಇಷ್ಟು ಜನ ಇದ್ದಾರೆ, ಯಾರಾದ್ರೂ ನೋಡಿರ್ತಾರೆ."

"ಊರಿಗೆ ಹೋಗಿದಾರೆ ಅಂದಿದೀನಲ್ಲೇ ನಾನು." ಧಾರಿಣಿ ರಸ್ತೆಯ ಮಧ್ಯದಲ್ಲೇ ಅಳತೊಡಗಿದಳು. "ಅಪ್ಪನಿಗೆ ಫೋನ್ ಮಾಡು. ಅವರು ಹೇಳಲಿ."

ಮಗಳ ಫೋನು ಬಂದೊಡನೆ ಆಫೀಸಿನಿಂದ ಹೊರಟ ಚಿದಂಬರ ಮೆಟ್ರೋ ಹತ್ತಿ, ಡಬ್ಬಿಯ ಕಂಬ ಹಿಡಿದು ನಿಂತಿದ್ದ. ದೆಹಲಿಯ ಗಡಿಯ ಬದರ್‌ಪುರ ದಾಟುವಾಗ ಗ್ರೂಪಿನಲ್ಲಿ ಫೋಟೋ ಬಂತು, ಬೇರೆ ಯಾವುದೋ ಕಾಲೋನಿಯಿಂದ ತಿರುಗಿಸಿ ಕಳಿಸಿದ್ದು. ಗಿರಣಿಯ ಹತ್ತಿರದ ಸೇತುವೆಯಲ್ಲ. ಹಳಿಯುದ್ದಕ್ಕೂ ಬಹಳ ದೂರ ಹೋದರೆ ಸಿಗುವ ಇನ್ನೊಂದು. ಅದರ ಕೆಳಗಿನ ಮೆಟ್ಟಿಲ ಮೇಲೆ ಕರಿ ಟೋಪಿ ಎಳೆದುಕೊಂಡು ಯಾರೋ ಕೂತಿದ್ದರು. ಸುತ್ತ ಕಾಲುಗಳು, ಬರೀ ಕಾಲುಗಳು. ಕೆಳಗೆ ಬರೆದಿತ್ತು: 'ಸೇತುವೆಯ ಫೋಟೋ ಗ್ಯಾಂಗ್ ಸಿಕ್ಕಿದೆ. ತಿರುತಿರುಗಿ ಹಿಂದೆ ನೋಡುತ್ತಾ ಓಡಾಡುತ್ತಿದ್ದಳು. ಹೆಸರು ಹೇಳುತ್ತಿಲ್ಲ, ಮನೆ ಹೇಳುತ್ತಿಲ್ಲ. ಚೀಲದಲ್ಲಿ ಕಂದು ಬಣ್ಣದ ಪುಡಿ. ಫೋನ್ ಎಲ್ಲೋ ಬಿಸಾಡಿದ್ದಾಳೆ.'

ಅದರ ಕೆಳಗೆ ಒಬ್ಬ ಬರೆದಿದ್ದ: 'ಸಿಕ್ಕರೆ ಬಿಡಬಾರದು.'

ಚಿದಂಬರ ಮೂರು ಸಲ ತಪ್ಪು ಬರೆದು ನಾಲ್ಕನೆಯ ಸಲ ಹಾಕಿದ: 'ಅವರು ನನ್ನ ತಾಯಿ. ಆ ಪುಡಿ ರಾಗಿ ಹಿಟ್ಟು. ನವೆಂಬರಿನ ವಿಡಿಯೋದಲ್ಲಿರುವುದೂ ನನ್ನ ತಾಯಿಯೇ. ದಯವಿಟ್ಟು ಯಾರೂ ಕೈ ಮಾಡಬೇಡಿ. ಬರುತ್ತಿದ್ದೇನೆ.'

ಖುರಾನಾ ಕೂಡಲೇ ಕೇಳಿದರು: 'ನಿಮ್ಮ ತಾಯಿ ಊರಿಗೆ ಹೋಗಿದ್ದಾರಲ್ಲವೇ?'

ಚಿದಂಬರ ಅದಕ್ಕೆ ಉತ್ತರ ಹಾಕಲಿಲ್ಲ.

ಸ್ಟೇಷನ್ನಿನಿಂದ ಆಟೋ ಹಿಡಿದು ಹೋಗುವಷ್ಟರಲ್ಲಿ ಬೆಳಕು ಕಂದಿತ್ತು. ಗುಂಪನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ದೇವಕಿ ಕೊನೆಯ ಮೆಟ್ಟಿಲ ಮೇಲಿದ್ದರು. ಯಾರೋ ಟೋಪಿ ಎಳೆದುಹಾಕಿ ಅವರ ತುರುಬು ಬಿಚ್ಚಿ ಹೋಗಿತ್ತು. ಒಬ್ಬ ತರುಣ ಅವರ ಮಣಿಕಟ್ಟು ಹಿಡಿದು ನಿಂತಿದ್ದ. ಹಳೇ ಪೇಪರಿನ ಮೇಲೆ ರಾಗಿ ಹಿಟ್ಟು ಸುರಿದಿತ್ತು. ಅದನ್ನು ಇನ್ನೊಬ್ಬ ಕಡ್ಡಿಯಿಂದ ಕೆದಕುತ್ತಿದ್ದ.

"ಅಮ್ಮ," ಎಂದ ಚಿದಂಬರ.

ದೇವಕಿ ತಲೆಯೆತ್ತಿದರು. ಮಗನನ್ನು ಕಂಡೊಡನೆ ಅವರ ಮುಖ ಅರಳಿತು. ಮರುಕ್ಷಣವೇ ಅದನ್ನು ಬಿಗಿದುಕೊಂಡು ನೆಲ ನೋಡಿದರು.

"ಇವರು ನನ್ನ ತಾಯಿ. ಬಿಡಿ," ಎಂದು ಹಿಂದಿಯಲ್ಲಿ ಹೇಳಿದ.

ಮಫ್ಲರು ಸುತ್ತಿದ ಹಿರಿಯನೊಬ್ಬ ಬಗ್ಗಿ ಕೇಳಿದ. "ಹೌದಾ ಮಾತಾಜೀ? ಇವನು ನಿಮ್ಮ ಮಗನಾ?"

"ನಹೀ," ಎಂದರು ದೇವಕಿ.

"ಸರಿಯಾಗಿ ನೋಡಿ ಹೇಳಿ."

ಅವರು ನೋಡಲಿಲ್ಲ. "ಮೇರಾ ಬೇಟಾ ನಹೀ. ಮೇರಾ ಕೋಯೀ ನಹೀ."

ಗುಂಪು ಈಗ ಚಿದಂಬರನ ಕಡೆ ತಿರುಗಿತು. ಯಾರೋ ಅವನ ಕೊರಳಿನ ಆಫೀಸ್ ಕಾರ್ಡು ಎಳೆದರು. "ಸರ್ಕಾರಿ ಕಾರ್ಡು ಬೇರೆ ಹಾಕ್ಕೊಂಡು ಬಂದಿದ್ದಾನೆ. ಬಿಡಿಸಿಕೊಂಡು ಹೋಗೋಕೆ ಬಂದ ಗ್ಯಾಂಗಿನವನೇ ಇವನು." ಹಿಂದಿನಿಂದ ಒಂದು ಕೈ ಅವನ ಶರಟಿನ ಕಾಲರಿಗೆ ಬಿತ್ತು, ಇನ್ನೊಂದು ತೋಳಿಗೆ. ಅಂಡರ್‌ಪಾಸಿನ ಆ ಮನುಷ್ಯ ಐಡಿ ಕಾರ್ಡು ತೋರಿಸುತ್ತಲೇ ಇದ್ದದ್ದು ಚಿದಂಬರನಿಗೆ ನೆನಪಾಯಿತು. ಅವನಿಗೆ ಅಳು ಬಂತು.

"ಅಮ್ಮ, ಹೇಳಮ್ಮ. ಪರವಾಗಿಲ್ಲ, ಹೇಳು."

"ಏ, ಹಿಂದಿಯಲ್ಲಿ ಮಾತಾಡು," ಎಂದು ಕಾಲರು ಹಿಡಿದವನು ಅಲುಗಿಸಿದ.

ದೇವಕಿ ಕಾಲರಿನ ಮೇಲಿನ ಕೈಯನ್ನು ನೋಡಿದರು. ಮಗನ ಕಣ್ಣನ್ನು ನೋಡಿದರು. ಯಾರಿಗೂ ಕೇಳಿಸಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದರು, "ಹೇಳ್ಲಾ ಚಿದು? ನಿನ್ನ ಕೆಲಸಕ್ಕೆ ಏನೂ ಆಗಲ್ವಾ?"

"ಆಗಲ್ಲಮ್ಮ. ಹೇಳು."

ಅವರು ಮಣಿಕಟ್ಟು ಬಿಡಿಸಿಕೊಂಡು ಎದ್ದ ರಭಸಕ್ಕೆ ತರುಣ ಒಂದು ಹೆಜ್ಜೆ ಹಿಂದೆ ಸರಿದ. "ಮೇರಾ ಬೇಟಾ," ಎಂದರು ದೇವಕಿ. ಅಲ್ಲಿಗೆ ಅವರ ಹಿಂದಿ ಮುಗಿಯಿತು. ಉಳಿದದ್ದನ್ನು ಕನ್ನಡದಲ್ಲೇ ಹೇಳಿದರು. "ನನ್ನ ಮಗ ಇವನು. ಹೆತ್ತಿದೀನಿ. ತೆಗೀರಿ ಕೈ."

ಭಾಷೆ ಯಾರಿಗೂ ತಿಳಿಯಲಿಲ್ಲ. ಆದರೂ ಕಾಲರಿನ ಮೇಲಿನ ಕೈ ಸಡಿಲವಾಯಿತು. ಮಫ್ಲರಿನವನು "ಚಲೋ ಚಲೋ, ಹೋಗಿ ಎಲ್ಲರೂ" ಎಂದ. ಯಾರೂ ಕ್ಷಮೆ ಕೇಳಲಿಲ್ಲ. ಬಂದ ಹಾಗೇ ಮಂಜಿನಲ್ಲಿ ಕರಗಿದರು. ದೇವಕಿ ಕುಕ್ಕುರುಗಾಲಲ್ಲಿ ಕೂತು, ಮೇಲಿನ ಕೊಳೆಯಾದ ಹಿಟ್ಟನ್ನು ಸರಿಸಿ, ಒಳಗಿನದನ್ನು ಬೊಗಸೆಯಿಂದ ಚೀಲಕ್ಕೆ ತುಂಬತೊಡಗಿದರು.

"ಬಿಡಮ್ಮ ಅದನ್ನ."

"ಜರಡಿ ಹಿಡಿದ್ರೆ ಆಗುತ್ತೆ. ಇವತ್ತಿಗೆ ಸಾಕು."

ಆಟೋದಲ್ಲಿ ಚಿದಂಬರ ಮನೆಗೆ ಫೋನ್ ಮಾಡಿ 'ಸಿಕ್ಕಿದಾರೆ' ಎಂದಷ್ಟೇ ಹೇಳಿದ. ದೇವಕಿ ಮಾತ್ರ ತಿರುವು ಬಂದಾಗಲೆಲ್ಲ ಹೊರಗೆ ಬಗ್ಗಿ ಹಿಂದೆ ನೋಡುತ್ತಿದ್ದರು.

ಸೊಸೈಟಿಯ ಬೀದಿಯ ತುದಿಯಲ್ಲಿ ರಸ್ತೆ ಅಗೆದಿದ್ದರಿಂದ ಆಟೋದವನು ಅಲ್ಲೇ ಇಳಿಸಿದ. ಮುಂದೆ ಗೇಟಿನ ದೀಪದ ಕೆಳಗೆ ಖುರಾನಾ, ಇನ್ನೂ ನಾಲ್ಕಾರು ಜನ ನಿಂತಿದ್ದರು. ಇವರನ್ನೇ ಕಾಯುತ್ತಿದ್ದರು. ಚಿದಂಬರನ ಹೆಜ್ಜೆ ತಾನಾಗಿಯೇ ನಿಧಾನವಾಯಿತು. ಪಕ್ಕದಲ್ಲಿ ತಾಯಿ ಇರಲಿಲ್ಲ. ತಿರುಗಿ ನೋಡಿದ. ದೇವಕಿ ಹಿಂದೆ, ಕಂಬದ ಮರೆಯಲ್ಲಿ ನಿಂತು, ಜಾಕೆಟ್ಟಿನ ಟೋಪಿಯನ್ನು ಮತ್ತೆ ಹಣೆಯವರೆಗೆ ಎಳೆದುಕೊಳ್ಳುತ್ತಿದ್ದರು.

"ನೀನು ಮುಂದೆ ನಡಿ ಚಿದು," ಎಂದರು. "ಅವರೆಲ್ಲ ನೋಡ್ತಿದಾರೆ. ನಾನು ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ. ಇಲ್ಲಿಂದ ನಂಗೆ ದಾರಿ ಗೊತ್ತು."

ಚಿದಂಬರ ಮುಂದೆ ಹೋಗಲಿಲ್ಲ. ಅವರ ಕೈಯಿಂದ ಹಿಟ್ಟಿನ ಚೀಲ ತೆಗೆದುಕೊಂಡು, ಅವರು ಹೊರಡುವವರೆಗೂ ಆ ಕಂಬದ ಪಕ್ಕದಲ್ಲೇ ನಿಂತ.